ಫೈಲ್ ಹಿಡಿದು ಒಳಗೆ ಹೋದ ಯುವಕ

ಕಬಡ್ಡಿಯಲ್ಲಿ ಚಪ್ಪಾಳೆ ಯಾವಾಗಲೂ ದಾಳಿಗಾರನಿಗೇ ಹೆಚ್ಚು. ನಮ್ಮ ನೆಲ್ಯಾಡಿ, ಕಡಬ ಕಡೆಯ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಉತ್ತಮ ಹಿಡಿತಗಾರನಿಗೂ ಒಂದು ಟ್ರೋಫಿ ಇರುತ್ತದೆ, ನಿಜ. ಆದರೆ ಮರುದಿನ ಜನರ ಬಾಯಲ್ಲಿ ಉಳಿಯುವುದು ದಾಳಿಗಾರನ ಹೆಸರು. ಹಿಡಿಯುವವನೂ ಒಂದು ಆಟದ ಚರಿತ್ರೆಯಲ್ಲಿ ಅಳಿಯದ ಗುರುತು ಬಿಡಬಲ್ಲ ಎಂಬುದಕ್ಕೆ ನಾನು ಕಂಡ ದೊಡ್ಡ ಉದಾಹರಣೆ ದೂರದ ಅಮೆರಿಕದ್ದು. ಹೆಸರು ರಿಚರ್ಡ್ ಲೇನ್. ಅಲ್ಲಿನವರಿಗೆ ಅವರು ‘ನೈಟ್ ಟ್ರೈನ್’ ಲೇನ್.

ಅಮೆರಿಕನ್ ಫುಟ್‌ಬಾಲ್ ನಮಗೆ ಅಪರಿಚಿತ ಆಟ. ಒಂದೊಂದು ಕಡೆ ಹನ್ನೊಂದು ಜನ, ಮೊಟ್ಟೆಯಾಕಾರದ ಚೆಂಡು. ದಾಳಿಗೆ ಒಂದು ಗುಂಪು, ರಕ್ಷಣೆಗೆ ಇನ್ನೊಂದು. ದಾಳಿಯ ನಾಯಕ ದೂರಕ್ಕೆ ಎಸೆದ ಚೆಂಡನ್ನು ಅವನ ಜತೆಗಾರ ಓಡುತ್ತ ಹಿಡಿಯಬೇಕು. ಆ ಜತೆಗಾರನ ನೆರಳಿನಂತೆ ಓಡಿ ತಡೆಯುವವನೇ ಕಾರ್ನರ್‌ಬ್ಯಾಕ್. ಅವನು ನಡುವೆ ನುಗ್ಗಿ ಚೆಂಡನ್ನೇ ಕಸಿದುಕೊಂಡರೆ ಅದು ಇಂಟರ್‌ಸೆಪ್ಷನ್. ನಮ್ಮಲ್ಲಿ ಸೂಪರ್ ಟ್ಯಾಕಲ್‌ಗೆ ಸಿಗುವಂಥ ಮರ್ಯಾದೆ ಅದಕ್ಕೆ.

ಲೇನ್ ಹುಟ್ಟಿದ್ದು 1920ರ ದಶಕದ ಕೊನೆಯಲ್ಲಿ, ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ. ಹೆತ್ತವರು ಮೂರು ತಿಂಗಳ ಮಗುವನ್ನು ಕಸದ ತೊಟ್ಟಿಯಲ್ಲಿ ಬಿಟ್ಟುಹೋಗಿದ್ದರು. ದಾರಿಯಲ್ಲಿ ಹೋಗುತ್ತಿದ್ದ ಎಲಾ ಲೇನ್ ಎಂಬ ಕಪ್ಪು ಮಹಿಳೆಗೆ ಬೆಕ್ಕು ಕೂಗಿದಂತೆ ಕೇಳಿಸಿತಂತೆ. ಹೋಗಿ ನೋಡಿದರೆ ಪತ್ರಿಕೆಯಲ್ಲಿ ಸುತ್ತಿದ್ದ ಹಸುಗೂಸು. ಬೇರೆಯವರ ಬಟ್ಟೆ ಒಗೆದು ಮಕ್ಕಳನ್ನು ಸಾಕುತ್ತಿದ್ದ ಆಕೆ ಈ ಮಗುವನ್ನೂ ತನ್ನದೆಂದೇ ಬೆಳೆಸಿದರು. ಹುಡುಗ ಬೂಟು ಪಾಲಿಷ್ ಮಾಡಿದ, ಹೋಟೆಲಿನಲ್ಲಿ ಟೇಬಲ್ ಒರೆಸಿದ. ಕಪ್ಪು ಮಕ್ಕಳಿಗೆಂದೇ ಬೇರೆ ಇಟ್ಟಿದ್ದ ಶಾಲೆಯಲ್ಲಿ ಓದಿದ. ಆಮೇಲೆ ನೆಬ್ರಾಸ್ಕಾದ ಒಂದು ಜೂನಿಯರ್ ಕಾಲೇಜಿನಲ್ಲಿ ಒಂದು ವರ್ಷ, ಸೇನೆಯಲ್ಲಿ ನಾಲ್ಕು ವರ್ಷ. ಕಾಲೇಜಿನ ಮತ್ತು ಸೇನೆಯ ತಂಡಗಳಿಗಾಗಿ ಫುಟ್‌ಬಾಲ್ ಆಡಿದ್ದೇ ಅವರ ಕೈಯಲ್ಲಿದ್ದ ಅನುಭವ. ಡಿಗ್ರಿ ಇರಲಿಲ್ಲ.

ಸೇನೆಯಿಂದ ಹೊರಬಂದು ಲಾಸ್ ಏಂಜಲೀಸ್‌ನ ವಿಮಾನ ಕಾರ್ಖಾನೆಯೊಂದಕ್ಕೆ ಸೇರಿದರು. ಕಚೇರಿಯಲ್ಲಿ ಫೈಲು ನೋಡಿಕೊಳ್ಳುವ ಕೆಲಸ ಎಂದುಕೊಂಡು ಹೋದವರಿಗೆ ಸಿಕ್ಕಿದ್ದು ಎಣ್ಣೆ ಸುರಿಯುವ ಲೋಹದ ತಗಡುಗಳನ್ನು ಎತ್ತಿ ಯಂತ್ರಕ್ಕೆ ಕೊಡುವ ಕೆಲಸ. ಬಸ್ಸಿನಲ್ಲಿ ಓಡಾಡುವ ದಾರಿಯಲ್ಲೇ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಕಚೇರಿ ಇತ್ತು. 1952ರ ಒಂದು ದಿನ ಲೇನ್ ಸೀದಾ ಒಳಗೆ ಹೋದರು. ಕೈಯಲ್ಲಿ ಇದ್ದದ್ದು ತಾವು ಆಡಿದ ಪಂದ್ಯಗಳ ಪತ್ರಿಕಾ ತುಣುಕುಗಳನ್ನು ಅಂಟಿಸಿದ ಒಂದು ಪುಸ್ತಕ. ತರಬೇತುದಾರ ಜೋ ಸ್ಟೈಡಹಾರ್ ಅದನ್ನು ತಿರುವಿ ನೋಡಿ, ಶಿಬಿರದಲ್ಲಿ ಒಂದು ಅವಕಾಶ ಕೊಟ್ಟರು.

ಲೇನ್ ಕೇಳಿದ್ದು ದಾಳಿಯ ಜಾಗ, ಚೆಂಡು ಹಿಡಿಯುವವನ ಜಾಗ. ಅಲ್ಲಿ ಆಗಲೇ ಟಾಮ್ ಫಿಯರ್ಸ್, ಎಲ್ರಾಯ್ ಹರ್ಷ್ ಎಂಬ ಇಬ್ಬರು ತಾರೆಗಳಿದ್ದರು. ಆಟದ ಒಳಗುಟ್ಟು ಕೇಳಲು ಲೇನ್ ಫಿಯರ್ಸ್ ಅವರ ಕೋಣೆಗೆ ಹೋಗುತ್ತಿದ್ದರು. ಅಲ್ಲಿ ಪದೇ ಪದೇ ತಿರುಗುತ್ತಿದ್ದ ‘ನೈಟ್ ಟ್ರೈನ್’ ಎಂಬ ಹಾಡಿನ ತಟ್ಟೆಯಿಂದ ಆ ಅಡ್ಡಹೆಸರು ಅಂಟಿಕೊಂಡಿತು. ನೆಟ್ಟಣದಲ್ಲಿ ರಾತ್ರಿ ರೈಲು ಹತ್ತಿ ಕೆಲಸ ಹುಡುಕಲು ಬೆಂಗಳೂರಿಗೆ ಹೋಗುವ ನಮ್ಮ ಕಡೆಯವರಿಗೆ ಈ ಹೆಸರು ಸ್ವಲ್ಪ ಹೆಚ್ಚೇ ಹತ್ತಿರ ಅನ್ನಿಸೀತು.

ದಾಳಿಯಲ್ಲಿ ಜಾಗ ಸಿಗಲಿಲ್ಲ. ತರಬೇತುದಾರರು ರಕ್ಷಣೆಗೆ ಹಾಕಿದರು. ಆ ಮೊದಲ ವರ್ಷವೇ, ಬರೀ 12 ಪಂದ್ಯಗಳ ಋತುವಿನಲ್ಲಿ, ಲೇನ್ 14 ಬಾರಿ ಎದುರಾಳಿಯ ಚೆಂಡನ್ನು ಕಸಿದರು. ನಂತರ ಋತು 14, 16, ಕೊನೆಗೆ 17 ಪಂದ್ಯಗಳಿಗೆ ಬೆಳೆಯಿತು. ದಾಖಲೆ ಮಾತ್ರ ಏಳು ದಶಕ ಕಳೆದರೂ ಅಲ್ಲೇ ಇದೆ. ಚೆಂಡು ಹಿಡಿಯುವವನಾಗಲು ಕಲಿತದ್ದು ವ್ಯರ್ಥವಾಗಲಿಲ್ಲ ಎಂದು ನನಗೆ ತೋರುತ್ತದೆ. ಎದುರಾಳಿ ಎತ್ತ ತಿರುಗುತ್ತಾನೆ ಎಂದು ಊಹಿಸಲು ಆ ಪಾಠವೇ ನೆರವಾಗಿರಬೇಕು.

1954ರಲ್ಲಿ ಷಿಕಾಗೊ ಕಾರ್ಡಿನಲ್ಸ್, 1960ರಲ್ಲಿ ಡೆಟ್ರಾಯ್ಟ್ ಲಯನ್ಸ್. 1965ರವರೆಗೆ 14 ಋತುಗಳಲ್ಲಿ ಒಟ್ಟು 68 ಇಂಟರ್‌ಸೆಪ್ಷನ್. ಅವರ ಹಿಡಿತಕ್ಕೆ ಇನ್ನೊಂದು ಮುಖವೂ ಇತ್ತು. ಎದುರಾಳಿಯ ಕುತ್ತಿಗೆಗೆ ತೋಳು ಸುತ್ತಿ ನೆಲಕ್ಕೆ ಕೆಡವುತ್ತಿದ್ದರು; ಅದಕ್ಕೆ ಅವರದೇ ಹೆಸರಿನ ‘ನೆಕ್‌ಟೈ’ ಎಂಬ ಬಿರುದು. ಮುಖದ ಕಬ್ಬಿಣದ ಜಾಲರಿ ಹಿಡಿದೂ ಎಳೆಯುತ್ತಿದ್ದರು. ಅಂದಿನ ನಿಯಮದಲ್ಲಿ ಅದು ತಪ್ಪಾಗಿರಲಿಲ್ಲ, ಆದರೆ ಅಪಾಯವಂತೂ ಇತ್ತು. 1962ರಲ್ಲಿ ಜಾಲರಿ ಹಿಡಿಯುವುದನ್ನು ಲೀಗ್ ಪೂರ್ತಿ ನಿಷೇಧಿಸಿತು, ಕುತ್ತಿಗೆ ಹಿಡಿತವೂ ಮುಂದೆ ನಿಷಿದ್ಧವಾಯಿತು. ಲೇನ್ ಅವರನ್ನು ಮೆಚ್ಚುವಾಗ ಇದನ್ನು ಮುಚ್ಚಿಡಬೇಕಾಗಿಲ್ಲ. ನಿಯಮ ಬದಲಾದ ಮೇಲೂ ಅವರು ಆಡಿದರು, ಮೆಚ್ಚಬೇಕಾದ್ದು ಅದನ್ನು.

ಎಲ್ಲವೂ ಕೈಗೂಡಲಿಲ್ಲ. ಅವರಿದ್ದಾಗ ಅವರ ತಂಡ ಒಮ್ಮೆಯೂ ಲೀಗ್ ಗೆಲ್ಲಲಿಲ್ಲ. 1963ರಲ್ಲಿ ಪ್ರಸಿದ್ಧ ಗಾಯಕಿ ಡೈನಾ ವಾಷಿಂಗ್ಟನ್ ಅವರನ್ನು ಮದುವೆಯಾದರು. ಅದೇ ಡಿಸೆಂಬರ್‌ನಲ್ಲಿ ಆಕೆ ತೀರಿಕೊಂಡರು. 1974ರಲ್ಲಿ ಲೇನ್‌ಗೆ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಮರುವರ್ಷದಿಂದ ಹಲವು ಕಾಲ ಅವರು ಡೆಟ್ರಾಯ್ಟ್‌ನಲ್ಲಿ ಪೊಲೀಸರು ನಡೆಸುವ ಮಕ್ಕಳ ಕ್ರೀಡಾ ಸಂಘಟನೆಯಲ್ಲಿ ದುಡಿದರು. ಬೀದಿಯ ಮಕ್ಕಳನ್ನು ಮೈದಾನಕ್ಕೆ ತರುವ ಕೆಲಸ ಅದು. 2002ರ ಜನವರಿ 29ರಂದು, ಹುಟ್ಟಿದ ಆಸ್ಟಿನ್‌ನಲ್ಲೇ ಕೊನೆಯುಸಿರೆಳೆದರು.

ಧೈರ್ಯವಿದ್ದರೆ ಸಾಕು, ಬಾಗಿಲು ತೆರೆಯುತ್ತದೆ ಎಂದು ನಾನು ಹೇಳಲಾರೆ. ಫೈಲ್ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದವರಿಗೆ ಗೊತ್ತು, ಎಲ್ಲ ಕಡೆ ಒಬ್ಬ ಸ್ಟೈಡಹಾರ್ ಕುಳಿತಿರುವುದಿಲ್ಲ. ಆದರೆ ಲೇನ್ ಮಾಡಿದ ಎರಡು ಕೆಲಸ ನಮ್ಮ ಕೈಯಲ್ಲೂ ಇವೆ. ಒಂದು, ಸಣ್ಣ ಮೈದಾನದಲ್ಲಿ ಆಡಿದ್ದಕ್ಕೂ ದಾಖಲೆ ಇಟ್ಟುಕೊಂಡದ್ದು. ಇನ್ನೊಂದು, ಕೇಳಿದ ಜಾಗ ಸಿಗದಿದ್ದಾಗ ಕೊಟ್ಟ ಜಾಗದಲ್ಲಿ ಮನಸ್ಸಿಟ್ಟು ಆಡಿದ್ದು. ಬಿ.ಕಾಂ. ಮುಗಿಸಿ ಬೇರೇನೋ ಕೆಲಸಕ್ಕೆ ಸೇರಿರುವ ಗೆಳೆಯರು ಈ ಎರಡನೆಯದನ್ನು ಒಮ್ಮೆ ಯೋಚಿಸಿ ನೋಡಲಿ.