ಕಾಲ್ಚೆಂಡಾಟವನ್ನು ಕಟ್ಟಿ ಬೆಳೆಸಿದ ನಾಗೇಂದ್ರಪ್ರಸಾದರು

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಸಂಜೆಯಾಯಿತೆಂದರೆ ಬಯಲು ದೊರೆತೆಡೆಯಲ್ಲಿ ಬಾಲಕರು ಚೆಂಡನ್ನು ಒದೆಯುತ್ತಿರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಆಡುವ ಉತ್ಸಾಹಕ್ಕೆ ಕೊರತೆಯಿಲ್ಲ. ಅದನ್ನು ಸಂಘವಾಗಿ, ಪಂದ್ಯಾವಳಿಯಾಗಿ ಕಟ್ಟುವವರು ಬೇಕು. ಭಾರತೀಯರಲ್ಲಿ ಈ ಕಾರ್ಯಕ್ಕೆ ಮೊದಲಿಗರಾಗಿ ನಿಂತ ಕಲ್ಕತ್ತೆಯ ನಾಗೇಂದ್ರಪ್ರಸಾದ ಸರ್ವಾಧಿಕಾರಿಗಳ ಚರಿತ್ರೆಯು ಬೆಂಗಳೂರಿನ ಪೌರರಿಗೂ ಬೋಧಪ್ರದವಾದುದು.

ಇವರು ಜನಿಸಿದುದು 1869ರಲ್ಲಿ. 1877ರಲ್ಲಿ ಒಂದು ದಿನ, ಗಂಗಾಸ್ನಾನಕ್ಕೆ ಹೊರಟ ತಾಯಿಯೊಡನೆ ಬಂಡಿಯಲ್ಲಿ ಹೋಗುತ್ತಿದ್ದಾಗ, ಆಂಗ್ಲರು ಮೈದಾನದಲ್ಲಿ ಆಡುತ್ತಿದ್ದುದನ್ನು ಕಂಡು ಕುತೂಹಲದಿಂದ ಇಳಿದು ನಿಂತರು. ತಮ್ಮತ್ತ ಉರುಳಿ ಬಂದ ಚೆಂಡನ್ನು ಒದ್ದು ಹಿಂದಿರುಗಿಸಿದರು. ಬಳಿಕ ಹೇರ್ ಸ್ಕೂಲಿನ ಸಹಪಾಠಿಗಳಿಂದ ಚಂದಾ ಎತ್ತಿ ಒಂದು ಚೆಂಡನ್ನು ಕೊಂಡರು. ಆದರೆ ಅದು ರಗ್ಬಿ ಆಟದ ಚೆಂಡಾಗಿತ್ತು! ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕ ಸ್ಟ್ಯಾಕ್ ಎಂಬವರು ತಪ್ಪನ್ನು ತಿಳಿಸಿ ಸರಿಯಾದ ಆಟದ ಮಾರ್ಗವನ್ನು ತೋರಿಸಿದರು.

ಮುಂದೆ ನಾಗೇಂದ್ರಪ್ರಸಾದರು ಒಂದರ ಮೇಲೊಂದು ಸಂಘವನ್ನು ಸ್ಥಾಪಿಸಿದರು. ಅವುಗಳಲ್ಲೊಂದಾದ ವೆಲಿಂಗ್ಟನ್ ಕ್ಲಬ್ಬಿಗೆ ಕುಂಬಾರರ ಮನೆಯ ಮಣಿದಾಸನನ್ನು ಸೇರಿಸಿಕೊಳ್ಳಲು ಮೇಲುಜಾತಿಯ ಸದಸ್ಯರು ಒಪ್ಪಲಿಲ್ಲ. ಪ್ರತಿಷ್ಠಿತ ಕುಲದಲ್ಲಿ ಹುಟ್ಟಿದ ನಾಗೇಂದ್ರಪ್ರಸಾದರು ಈ ಭೇದಕ್ಕೆ ತಲೆಬಾಗದೆ, ತಾವೇ ಬೆಳೆಸಿದ ಆ ಸಂಘವನ್ನು ವಿಸರ್ಜಿಸಿಬಿಟ್ಟರು. 1887ರಲ್ಲಿ ಅವರು ಸ್ಥಾಪಿಸಿದ ಶೋಭಾಬಜಾರ್ ಕ್ಲಬ್ಬಿನಲ್ಲಿ ಮಣಿದಾಸನಿಗೆ ಸ್ಥಾನವು ದೊರೆಯಿತು.

ಈ ಸಂಘವೇ 1892ರಲ್ಲಿ ಟ್ರೇಡ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಸರ್ರೆ ರೆಜಿಮೆಂಟಿನ ಆಂಗ್ಲ ಸೈನಿಕರನ್ನು ಸೋಲಿಸಿ ದೇಶವನ್ನು ಚಕಿತಗೊಳಿಸಿತು. 1893ರಲ್ಲಿ ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿತವಾಗಿ ಶೀಲ್ಡ್ ಪಂದ್ಯಾವಳಿಯು ಆರಂಭವಾದಾಗ ಅದರಲ್ಲಿ ಭಾಗವಹಿಸಿದ ಭಾರತೀಯ ತಂಡವು ಇದೊಂದೇ. 1911ರಲ್ಲಿ ಮೋಹನ್ ಬಗಾನ್ ತಂಡವು ಅದೇ ಶೀಲ್ಡನ್ನು ಗೆದ್ದಿತು. 1940ರ ಜನವರಿಯಲ್ಲಿ ನಾಗೇಂದ್ರಪ್ರಸಾದರು ದಿವಂಗತರಾದರು.

ಅವರ ಜೀವಿತಾವಧಿಯಲ್ಲಿಯೇ, 1937ರಲ್ಲಿ, ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡವು ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. 1946-47ರಲ್ಲಿ ಬಂಗಾಳವನ್ನೇ ಸೋಲಿಸಿ ಮೈಸೂರು ಸಂತೋಷ್ ಟ್ರೋಫಿಯನ್ನು ಪಡೆಯಿತು. ಇಂತಹ ಕೀರ್ತಿಯುಳ್ಳ ನಗರದ ಫುಟ್‌ಬಾಲ್ ಕ್ರೀಡಾಂಗಣವು ಹಳೆಯ ದಂಡಿನ ಭಾಗದ ಅಶೋಕನಗರದಲ್ಲಿದೆ. ಕೆಂಗೇರಿಯ ಬಾಲಕನು ಅಲ್ಲಿಗೆ ಮುಟ್ಟಬೇಕಾದರೆ ನಗರವನ್ನೇ ದಾಟಬೇಕು. ಆಟವೇ ಬಾಲಕನ ಬಳಿಗೆ ಬರಬಾರದೇಕೆ?

ಪಶ್ಚಿಮದ ಬಡಾವಣೆಗಳ ಹಿರಿಯರು ತಮ್ಮ ತಮ್ಮ ಬಯಲುಗಳನ್ನು ಕಾಪಾಡಿಕೊಂಡು, ನಿಯತಕಾಲದಲ್ಲಿ ಪಂದ್ಯಗಳನ್ನು ಏರ್ಪಡಿಸಿ, ನಿಷ್ಪಕ್ಷಪಾತಿಗಳಾದ ತೀರ್ಪುಗಾರರನ್ನು ನೇಮಿಸಿದರೆ ಅರ್ಧ ಕಾರ್ಯವು ಆದಂತೆಯೇ ಸರಿ. ಉಳಿದರ್ಧವನ್ನು ನಾಗೇಂದ್ರಪ್ರಸಾದರು ತೋರಿಸಿಕೊಟ್ಟಿದ್ದಾರೆ: ಚಂದಾ ಕೊಡಲಾರದವನಿಗೂ, ಕುಲದ ಹೆಸರಿಲ್ಲದವನಿಗೂ ಸಂಘದ ಬಾಗಿಲು ತೆರೆದಿರಬೇಕು. ಒಬ್ಬ ಕುಂಬಾರರ ಹುಡುಗನಿಗಾಗಿ ಇಡೀ ಸಂಘವನ್ನೇ ತ್ಯಜಿಸಿದ ಆ ಮಹನೀಯರಿಗೆ ಇದಕ್ಕಿಂತ ತಕ್ಕ ಸ್ಮಾರಕವಿಲ್ಲ.