ವಿದ್ಯೆಗಾಗಿ ದುಡಿದ ಡಾ. ಡಿ.ವಿ.ಜಿ.

ಡಿ.ವಿ.ಜಿ. ಅಂದ ಕೂಡಲೇ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಎಲ್ಲ ಕಡೆಯೂ ಜನಕ್ಕೆ 'ಮಂಕುತಿಮ್ಮನ ಕಗ್ಗ' ನೆನಪಾಗುತ್ತದೆ. ಆದರೆ ತಮ್ಮ ಪಾಲಿಗೆ ಬಂದ ದುಡ್ಡನ್ನೂ ಜನರ ತಿಳುವಳಿಕೆಗೇ ಮುಡಿಪಿಟ್ಟ ಡಿ.ವಿ.ಜಿ. ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಸಹಕಾರ ಸಂಘದವರಾದ ನಮಗೆ ಅದೇ ಮುಖ್ಯ.

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು ಹುಟ್ಟಿದ್ದು ಮುಳಬಾಗಿಲಿನಲ್ಲಿ, 1887ರ ಮಾರ್ಚ್ 17ರಂದು. ತಂದೆ ವೆಂಕಟರಮಣಯ್ಯ, ತಾಯಿ ಅಲಮೇಲಮ್ಮ. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೇ. ಊರಿನ ಓದು ಮುಗಿದ ಮೇಲೆ ಹುಡುಗನನ್ನು ಮುಂದೆ ಕಳಿಸುವುದೇ ಬೇಡ ಎನ್ನುವ ಪರಿಸ್ಥಿತಿ ಬಂತು. ಆಗ ನೆರವಿಗೆ ನಿಂತವರು ಯಾವ ಸಾಹುಕಾರರೂ ಅಲ್ಲ, ಊರಿನಲ್ಲಿ ಜಟಕಾ ಓಡಿಸುತ್ತಿದ್ದ ರಸೂಲ್ ಖಾನ್ ಸಾಬರು. ಹುಡುಗ ಓದಲೇಬೇಕು ಅಂತ ಮನೆಯ ಹಿರಿಯರೊಡನೆ ವಾದ ಹೂಡಿ, ತಮ್ಮ ಗಾಡಿಯಲ್ಲೇ ಬೌರಿಂಗ್‌ಪೇಟೆಗೆ, ಅಂದರೆ ಈಗಿನ ಬಂಗಾರಪೇಟೆಗೆ, ಕರೆದೊಯ್ದು ಮೈಸೂರಿನ ಕಡೆ ರೈಲು ಹತ್ತಿಸಿದರು. ಈ ಉಪಕಾರವನ್ನು ಡಿ.ವಿ.ಜಿ.ಯವರು ಮುಪ್ಪಿನಲ್ಲೂ ಮರೆಯದೆ ತಮ್ಮ ನೆನಪುಗಳಲ್ಲಿ ಬರೆದಿಟ್ಟಿದ್ದಾರೆ.

ಮೈಸೂರಿನಲ್ಲಿ ಓದು ನಿಲ್ಲಲಿಲ್ಲ, ಕೋಲಾರಕ್ಕೆ ಬಂದರು. ಮೆಟ್ರಿಕ್ಯುಲೇಷನ್ ಪಾಸಾಗಲಿಲ್ಲ. ಅಲ್ಲಿಗೆ ಶಾಲೆಯ ಓದು ಮುಗಿಯಿತು. ಹೊಟ್ಟೆಪಾಡಿಗೆ ಚಿನ್ನದ ಗಣಿಯ ಕಡೆ ಸೋಡಾ ಕಾರ್ಖಾನೆಯಲ್ಲೂ ದುಡಿದರು. ಆಮೇಲೆ ಬೆಂಗಳೂರು ಸೇರಿ ಪತ್ರಕರ್ತರಾದರು. 1913ರಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ತೆಗೆದರು. ಶಾಸನ ಸಭೆ, ವಿಶ್ವವಿದ್ಯಾನಿಲಯ, ಕನ್ನಡ ಸಾಹಿತ್ಯ ಪರಿಷತ್ತು ಎಲ್ಲೆಲ್ಲೂ ಸೇವೆ ಮಾಡಿದರು. ಮೆಟ್ರಿಕ್ ದಾಟದ ಈ ಮಹನೀಯರಿಗೆ 1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೇ ಡಿ.ಲಿಟ್. ಕೊಟ್ಟಿತು.

ಅವರು ಗುರುವೆಂದು ಭಾವಿಸಿದ್ದು ಗೋಪಾಲಕೃಷ್ಣ ಗೋಖಲೆಯವರನ್ನು. ಬಡವರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣ ಉಚಿತವೂ ಕಡ್ಡಾಯವೂ ಆಗಬೇಕೆಂದು 1911ರಲ್ಲಿ ಮಸೂದೆ ತಂದವರು ಗೋಖಲೆ. ಬ್ರಿಟಿಷ್ ಸರ್ಕಾರದ ಕಾಲದಲ್ಲಿ ಅದು ಬಿದ್ದುಹೋಯಿತು. ಆ ಮಹನೀಯರ ಹೆಸರಿನಲ್ಲಿ 1945ರಲ್ಲಿ ಡಿ.ವಿ.ಜಿ.ಯವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಓಟು ಹಾಕುವವನಿಗೆ ವಿವೇಕ ಬೇಕು, ಅದಕ್ಕೆ ಓದು ಬೇಕು, ಓದು ಶಾಲೆಯ ಗಂಟೆಗೆ ಮುಗಿಯಬಾರದು ಎಂಬುದು ಅವರ ವಿಚಾರ. ಅದಕ್ಕಾಗಿಯೇ ಅಲ್ಲಿ ಪುಸ್ತಕ ಭಂಡಾರ, ಉಪನ್ಯಾಸ, ಅಧ್ಯಯನ ಗೋಷ್ಠಿ ಏರ್ಪಟ್ಟವು. ಕಿರಿಯರ ಜೊತೆ ಕುಳಿತು ವರ್ಷಗಟ್ಟಲೆ ತಾವೇ ಪಾಠ ಹೇಳಿದರು.

1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಅವರಿಗೆ ದೊಡ್ಡ ಸನ್ಮಾನವಾಯಿತು. 90 ಸಾವಿರ ರೂಪಾಯಿಯ ನಿಧಿ ಅರ್ಪಿಸಿದರು. ಆ ಕಾಲದಲ್ಲಿ ಅದು ಸಣ್ಣ ಮೊತ್ತವೇ? ಎಂಬತ್ತು ದಾಟಿದ ಆ ಹಿರಿಯರು ಅದರಲ್ಲಿ ಒಂದು ಕಾಸನ್ನೂ ಮನೆಗೆ ಒಯ್ಯಲಿಲ್ಲ. ಅಷ್ಟನ್ನೂ ಸಂಸ್ಥೆಗೇ ಕೊಟ್ಟುಬಿಟ್ಟರು. 1974ರಲ್ಲಿ ಪದ್ಮಭೂಷಣ ಬಂತು. 1975ರ ಅಕ್ಟೋಬರ್ 7ರಂದು ತೀರಿಕೊಂಡರು.

ಸದಸ್ಯ ಬಾಂಧವರೇ, ಈಗ ಜಟಕಾ ಹೋಗಿ ಬಸ್ಸು ಬಂದಿದೆ. ಆದರೂ ಫೀಸಿಗೆ ದುಡ್ಡು ಹೊಂದದೆ ಓದು ಬಿಡುವ ಮಕ್ಕಳು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಇದ್ದಾರೆ, ಅದರಲ್ಲೂ ಹೆಣ್ಣುಮಕ್ಕಳು. ಮಹಾಸಭೆಯಲ್ಲಿ ಬೋನಸ್ಸಿನ ಮಾತು ಬಂದರೆ ನಾವೆಲ್ಲ ಎದ್ದು ನಿಲ್ಲುತ್ತೇವೆ; ಮಕ್ಕಳ ಓದಿಗೆ ಒಂದಿಷ್ಟು ತೆಗೆದಿಡೋಣ ಅಂದರೆ ಸಭೆ ಸುಮ್ಮನಾಗುತ್ತದೆ. ಇದು ನಮ್ಮದೇ ತಪ್ಪು. ಎಲ್ಲರೂ ಡಿ.ವಿ.ಜಿ. ಆಗಲಾರೆವು, ನಿಜ. ಆದರೆ ರಸೂಲ್ ಖಾನ್ ಆಗಲು ಯಾರಿಗೂ ಅಡ್ಡಿಯಿಲ್ಲ. ಬೆಳ್ಳಿಹಬ್ಬದ ಈ ವರ್ಷದಲ್ಲೇ ನಮ್ಮ ಸಂಘದಲ್ಲಿ ಒಂದು ವಿದ್ಯಾನಿಧಿ ಆರಂಭವಾಗಲಿ ಎಂದು ಹಾರೈಸುತ್ತೇವೆ.