ಪ್ರಯಾಣಿಕನ ಚಿಂತೆಯನ್ನು ಹೊತ್ತವನು

ಕಾಶಿಯಾತ್ರೆಗೆ ಹೊರಟವರನ್ನು ಬಂಧುಬಳಗ ಊರ ಗಡಿಯವರೆಗೂ ಬಂದು ಕಣ್ಣೀರಿನಿಂದ ಬೀಳ್ಕೊಡುತ್ತಿದ್ದ ಕಾಲವೊಂದು ನಮ್ಮಲ್ಲಿತ್ತು. ದಾರಿಯ ದೂರಕ್ಕಿಂತ ದಾರಿಯ ಅನಿಶ್ಚಿತತೆಯೇ ಆ ಕಣ್ಣೀರಿಗೆ ಹೆಚ್ಚಿನ ಕಾರಣವಾಗಿತ್ತು. ರಾತ್ರಿ ಎಲ್ಲಿ ತಂಗುವುದು, ಅಪರಿಚಿತ ಊರಿನಲ್ಲಿ ಯಾರನ್ನು ನಂಬುವುದು, ಕೈಯಲ್ಲಿರುವ ಹಣ ಮುಂದಿನ ಸೀಮೆಯಲ್ಲಿ ನಡೆಯುವುದೇ, ಕಾಯಿಲೆ ಬಿದ್ದರೆ ಗತಿಯೇನು ಎಂಬ ಪ್ರಶ್ನೆಗಳು ಯಾತ್ರಿಕನ ಗಂಟಿಗಿಂತ ಭಾರವಾಗಿರುತ್ತಿದ್ದವು. ಈ ಭಾರವನ್ನು ಪ್ರಯಾಣಿಕನ ಹೆಗಲಿನಿಂದ ಇಳಿಸಿ ತನ್ನ ಹೆಗಲಿಗೇರಿಸಿಕೊಳ್ಳುವುದನ್ನೇ ಒಂದು ವೃತ್ತಿಯನ್ನಾಗಿ ರೂಪಿಸಿದವರಲ್ಲಿ ಮೊದಲು ನೆನಪಾಗುವ ಹೆಸರು ಇಂಗ್ಲೆಂಡಿನ ಥಾಮಸ್ ಕುಕ್. ಇಂದು ನಗರದ ಬೀದಿಬೀದಿಗಳಲ್ಲಿ ಟ್ರಾವೆಲ್ ಏಜೆನ್ಸಿಗಳ ಫಲಕಗಳು ಕಾಣುತ್ತವೆ. ಪ್ರವಾಸ ಸಲಹೆಗಾರರಾಗಿ ಬದುಕು ಕಟ್ಟಿಕೊಳ್ಳಲು ಸಾವಿರಾರು ಯುವಕ ಯುವತಿಯರು ಮುಂದಾಗುತ್ತಿದ್ದಾರೆ. ಈ ವೃತ್ತಿಯ ಮರ್ಮವೇನೆಂದು ಅರಿಯಲು ಕುಕ್‌ನ ಬದುಕಿನತ್ತ ಒಮ್ಮೆ ನೋಡುವುದು ಉಚಿತ.

ಕುಕ್ ಹುಟ್ಟಿದ್ದು 1808ರ ನವೆಂಬರ್ 22ರಂದು, ಡರ್ಬಿಶೈರ್ ಪ್ರಾಂತ್ಯದ ಮೆಲ್ಬರ್ನ್ ಎಂಬ ಸಣ್ಣ ಊರಿನ ಬಡ ಕುಟುಂಬದಲ್ಲಿ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು, ದಿನಕ್ಕೊಂದು ಪೆನ್ನಿಯ ಕೂಲಿಗೆ ತೋಟದ ಕೆಲಸಕ್ಕೆ ಸೇರಿದ. ಅನಂತರ ಚಿಕ್ಕಪ್ಪನೊಬ್ಬನ ಬಳಿ ಮರಗೆಲಸ ಕಲಿತ. ಇಪ್ಪತ್ತರ ಹರೆಯದಲ್ಲಿ ಬ್ಯಾಪ್ಟಿಸ್ಟ್ ಪಂಥದ ಸಂಚಾರಿ ಪ್ರಚಾರಕನಾಗಿ ಹಳ್ಳಿಹಳ್ಳಿಗೆ ನಡೆದ. 1829ರ ಒಂದೇ ವರ್ಷದಲ್ಲಿ ಆತ ಕಾಲ್ನಡಿಗೆಯಲ್ಲಿ ಕ್ರಮಿಸಿದ ದಾರಿ ಎರಡು ಸಾವಿರ ಮೈಲಿಗೂ ಹೆಚ್ಚು. ಮುಂದೆ ಜಗತ್ತನ್ನೇ ಸುತ್ತಿಸಲಿದ್ದ ಮನುಷ್ಯನಿಗೆ ದಾರಿಯ ದಣಿವು ಏನೆಂಬುದು ಪುಸ್ತಕದಿಂದ ತಿಳಿದದ್ದಾಗಿರಲಿಲ್ಲ.

ಆ ದಿನಗಳ ಇಂಗ್ಲೆಂಡಿನ ಕಾರ್ಮಿಕ ವರ್ಗವನ್ನು ಕುಡಿತ ಹಿಂಡುತ್ತಿತ್ತು. ಕುಕ್ ಮದ್ಯ ತ್ಯಜಿಸುವ ಪ್ರತಿಜ್ಞೆ ಮಾಡಿ ಪಾನವಿರೋಧಿ ಚಳವಳಿಗೆ ಧುಮುಕಿದ. 1841ರ ಜೂನ್ ತಿಂಗಳ ಒಂದು ದಿನ ಮಾರ್ಕೆಟ್ ಹಾರ್ಬರೊದಿಂದ ಲೆಸ್ಟರ್ ನಗರಕ್ಕೆ ಸಭೆಗಾಗಿ ನಡೆದು ಹೋಗುತ್ತಿದ್ದಾಗ ಆತನಿಗೊಂದು ಯೋಚನೆ ಹೊಳೆಯಿತು. ಹೊಸದಾಗಿ ಬಂದಿರುವ ರೈಲನ್ನು ಈ ಚಳವಳಿಗೆ ಏಕೆ ಬಳಸಬಾರದು? ಜನರಿಗೆ ಪಾನಗೃಹದ ಬದಲು ಬೇರೊಂದು ಸಂತೋಷವನ್ನು ಏಕೆ ತೋರಿಸಬಾರದು? ಆತ ರೈಲ್ವೆ ಕಂಪನಿಯೊಡನೆ ಮಾತನಾಡಿ ರಿಯಾಯಿತಿ ದರ ಗೊತ್ತುಪಡಿಸಿದ. ಜುಲೈ 5ರಂದು ಸುಮಾರು 500 ಮಂದಿ ತಲಾ ಒಂದು ಶಿಲಿಂಗ್ ಕೊಟ್ಟು ಲೆಸ್ಟರ್‌ನಿಂದ ಲಫ್‌ಬರೊಗೆ ಹೋಗಿ ಬಂದರು. ದೂರ ಹನ್ನೆರಡು ಮೈಲಿಯಷ್ಟೆ. ಆದರೆ ಅವರಲ್ಲಿ ಬಹುಪಾಲು ಜನರಿಗೆ ಅದು ಹೊಸದೊಂದು ಲೋಕದ ಬಾಗಿಲು.

ಲೆಸ್ಟರ್‌ನಲ್ಲಿ ಮುದ್ರಕನಾಗಿ, ಪುಸ್ತಕ ವ್ಯಾಪಾರಿಯಾಗಿ ನೆಲೆಯೂರಿದ ಕುಕ್, 1845ರಲ್ಲಿ ಮೊದಲ ಬಾರಿಗೆ ಲಾಭದ ಉದ್ದೇಶದಿಂದ ಲಿವರ್‌ಪೂಲ್ ಪ್ರವಾಸ ಏರ್ಪಡಿಸಿದ. ಜನರನ್ನು ಕರೆದೊಯ್ಯುವ ಮೊದಲು ತಾನೇ ಆ ದಾರಿಯಲ್ಲಿ ಹೋಗಿ ಬಂದ. ತಂಗುವ ಮನೆಗಳನ್ನು ಕಂಡ, ನೋಡತಕ್ಕ ಸ್ಥಳಗಳನ್ನು ಗುರುತಿಸಿದ, ಎಲ್ಲವನ್ನೂ ಒಂದು ಕೈಪಿಡಿಯಾಗಿ ಅಚ್ಚು ಹಾಕಿಸಿ ಪ್ರಯಾಣಿಕರಿಗೆ ಕೊಟ್ಟ. ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತದೆ ನಮ್ಮ ಗಾದೆ. ಕುಕ್ ಇವೆರಡನ್ನೂ ಒಂದೇ ಟಿಕೆಟ್ಟಿನಲ್ಲಿ ಸೇರಿಸಿದ. ತಾನು ಕಾಣದ ದಾರಿಗೆ ಇನ್ನೊಬ್ಬರನ್ನು ಕಳಿಸಬಾರದೆಂಬುದು ಈ ವೃತ್ತಿಯ ಮೊದಲ ಪಾಠ.

ಎರಡನೆಯ ಪಾಠವನ್ನು ಆತ ಸೋಲಿನಿಂದ ಕಲಿಯಬೇಕಾಯಿತು. 1846ರಲ್ಲಿ ಸುಮಾರು 350 ಮಂದಿಯನ್ನು ಸ್ಕಾಟ್ಲೆಂಡಿಗೆ ಕರೆದೊಯ್ದ. ರೈಲಿನಲ್ಲಿ ಶೌಚಾಲಯವಿರಲಿಲ್ಲ. ದಾರಿಯಲ್ಲಿ ಸಿದ್ಧವಿರುವುದಾಗಿ ಹೇಳಿದ್ದ ಚಹಾ ಸಿಗಲಿಲ್ಲ. ಹಡಗಿನಲ್ಲಿ ಎಲ್ಲರಿಗೂ ಸಾಕಾಗುವಷ್ಟು ಕೋಣೆಗಳಿಲ್ಲದೆ ಹಲವರು ಗಾಳಿಮಳೆಗೆ ಮೈಯೊಡ್ಡಿ ರಾತ್ರಿ ಕಳೆದರು. ಗ್ಲಾಸ್ಗೊ ನಗರ ವಾದ್ಯಘೋಷದಿಂದ ಸ್ವಾಗತಿಸಿದರೂ ಪ್ರಯಾಣಿಕರ ಅಸಮಾಧಾನ ಅಡಗಲಿಲ್ಲ. ತಪ್ಪು ರೈಲಿನವರದೋ ಹಡಗಿನವರದೋ ಇರಬಹುದು. ಆದರೆ ಪ್ರಯಾಣಿಕನ ಪಾಲಿಗೆ ಹೊಣೆಗಾರ ಒಬ್ಬನೇ, ತನಗೆ ಭರವಸೆ ಕೊಟ್ಟವನು. ಕುಕ್ ಇದನ್ನು ಮರೆಯಲಿಲ್ಲ. ಸ್ಕಾಟ್ಲೆಂಡನ್ನೂ ಬಿಡಲಿಲ್ಲ. ಮತ್ತೆ ಮತ್ತೆ ಹೋಗಿ, ಲೋಪಗಳನ್ನು ತಿದ್ದಿ, ಅದನ್ನೇ ತನ್ನ ವ್ಯವಹಾರದ ಮುಖ್ಯ ನೆಲೆಯನ್ನಾಗಿ ಮಾಡಿಕೊಂಡ.

1851ರ ಲಂಡನ್ ಮಹಾ ವಸ್ತುಪ್ರದರ್ಶನ ಆತನಿಗೆ ದೊಡ್ಡ ಅವಕಾಶ ತಂದಿತು. ಕಾರ್ಮಿಕರು ವಾರವಾರವೂ ಚಿಲ್ಲರೆ ಕಾಸು ಕೂಡಿಟ್ಟು ಪ್ರಯಾಣಿಸುವಂತೆ ಉಳಿತಾಯ ಕೂಟಗಳನ್ನು ಪ್ರೋತ್ಸಾಹಿಸಿದ, ಪ್ರಚಾರಕ್ಕಾಗಿ ಪತ್ರಿಕೆಯೊಂದನ್ನೇ ಹೊರಡಿಸಿದ. ಹದಿನೇಳರ ಮಗ ಜಾನ್ ಮೇಸನ್ ಕುಕ್‌ನ ನೆರವಿನಿಂದ ಒಂದೂವರೆ ಲಕ್ಷದಷ್ಟು ಜನರನ್ನು ಲಂಡನ್ನಿಗೆ ಕರೆತಂದ. ಲೆಸ್ಟರ್‌ನಲ್ಲಿ ಪತ್ನಿ ಮೇರಿಯಾನ್ ಮದ್ಯರಹಿತ ಹೋಟೆಲೊಂದನ್ನು ನೋಡಿಕೊಳ್ಳುತ್ತಿದ್ದಳು. ಇಡೀ ಸಂಸಾರವೇ ಈ ಕಸುಬಿನ ಗಾಲಿಗೆ ಹೆಗಲು ಕೊಟ್ಟಿತ್ತು.

1862ರಲ್ಲಿ ಸ್ಕಾಟ್ಲೆಂಡಿನ ರೈಲ್ವೆ ಕಂಪನಿಗಳು ಆತನಿಗೆ ಕೊಡುತ್ತಿದ್ದ ರಿಯಾಯಿತಿಯನ್ನು ನಿಲ್ಲಿಸಿದವು. ಇನ್ನೊಬ್ಬರ ರೈಲು, ಇನ್ನೊಬ್ಬರ ಹೋಟೆಲನ್ನು ನಂಬಿ ನಡೆಯುವ ಮಧ್ಯವರ್ತಿಯ ಬದುಕು ಎಷ್ಟು ತೆಳುವಾದ ನೆಲದ ಮೇಲೆ ನಿಂತಿದೆ ಎಂಬುದು ಆಗ ಅರಿವಾಯಿತು. ಐವತ್ತೈದರ ಹೊಸ್ತಿಲಲ್ಲಿದ್ದ ಕುಕ್ ಎದೆಗುಂದದೆ ಯುರೋಪಿನತ್ತ ತಿರುಗಿದ. 1863ರಲ್ಲಿ ಸ್ವಿಟ್ಜರ್ಲೆಂಡ್, ಮರುವರ್ಷ ಇಟಲಿ, 1869ರಲ್ಲಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್. ಅದುವರೆಗೆ ಸಿರಿವಂತರ ಮಕ್ಕಳಿಗಷ್ಟೇ ಮೀಸಲಾಗಿದ್ದ ನೋಟಗಳು ಶಾಲಾ ಶಿಕ್ಷಕರಿಗೆ, ಅಂಗಡಿಕಾರರಿಗೆ ಮತ್ತು ಬಹು ಮುಖ್ಯವಾಗಿ ಒಂಟಿ ಮಹಿಳೆಯರಿಗೆ ದೊರೆತವು. ಮೊದಲ ಸ್ವಿಸ್ ಪ್ರವಾಸದಲ್ಲಿದ್ದ ಜೆಮೈಮಾ ಮೊರೆಲ್ ಎಂಬಾಕೆಯ ದಿನಚರಿ ಇಂದಿಗೂ ಆ ಸಂತೋಷಕ್ಕೆ ಸಾಕ್ಷಿ. ಇದನ್ನು ಸಹಿಸದವರೂ ಇದ್ದರು. ಇಟಲಿಯಲ್ಲಿ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ಕಾದಂಬರಿಕಾರ ಚಾರ್ಲ್ಸ್ ಲೀವರ್, ಕುಕ್‌ನ ಪ್ರಯಾಣಿಕರನ್ನು ಹಿಂಡು ದನಗಳಂತೆ ಚಿತ್ರಿಸಿ ಲೇವಡಿ ಮಾಡಿದ. ಸುಂದರ ತಾಣಗಳು ಕೆಲವರ ಸ್ವತ್ತಲ್ಲ ಎಂಬ ನಿಲುವಿನಿಂದ ಕುಕ್ ಅದಕ್ಕೆ ಉತ್ತರಿಸಿದ.

ಆತನ ನಿಜವಾದ ಸಾಧನೆ ಅಡಗಿರುವುದು ಸಣ್ಣ ಕಾಗದದ ಚೂರುಗಳಲ್ಲಿ. ಹಲವು ಕಂಪನಿಗಳ ರೈಲುಗಳಿಗೆ ಸಲ್ಲುವ ಒಂದೇ ಟಿಕೆಟ್ ಪುಸ್ತಿಕೆ ಬಂತು. 1868ರಲ್ಲಿ ಹೋಟೆಲ್ ಕೂಪನ್ ಬಂತು. ಮುಂಗಡವಾಗಿ ಹಣ ಕೊಟ್ಟು ಕೊಂಡ ಕೂಪನ್ನನ್ನು ತೋರಿಸಿದರೆ ಅರಿಯದ ಊರಿನಲ್ಲಿಯೂ ಹಾಸಿಗೆ, ಊಟ ಖಚಿತ. ಹೋಟೆಲಿನವನಿಗೆ ಅದರ ಹಣ ಕುಕ್‌ನಿಂದ ಸಂದಾಯ. 1874ರಲ್ಲಿ ನ್ಯೂಯಾರ್ಕಿನಲ್ಲಿ ಹೊರತಂದ ಪ್ರಯಾಣಿಕರ ಹಣಪತ್ರವು ಮುಂದಿನ ಟ್ರಾವೆಲರ್ಸ್ ಚೆಕ್ಕಿನ ಪೂರ್ವರೂಪ. ಭಾಷೆ ಬಾರದ ನಾಡಿನಲ್ಲಿ ಚೌಕಾಸಿಯ, ಮೋಸದ ಅಂಜಿಕೆಯನ್ನು ಈ ಚೂರುಗಳು ನಿವಾರಿಸಿದವು. ಅವುಗಳ ಮೇಲೆ ಅಚ್ಚಾಗಿದ್ದ ಹೆಸರಿನ ಮೇಲೆ ಎರಡೂ ಕಡೆಯವರಿಗಿದ್ದ ನಂಬಿಕೆಯೇ ಅವುಗಳ ಬೆಲೆ.

1872ರಲ್ಲಿ, ಅರವತ್ತಮೂರರ ವಯಸ್ಸಿನಲ್ಲಿ, ಕುಕ್ ಸಣ್ಣ ತಂಡವೊಂದನ್ನು ಕಟ್ಟಿಕೊಂಡು 222 ದಿನಗಳ ವಿಶ್ವಪರ್ಯಟನೆಗೆ ಹೊರಟ. ಅಮೆರಿಕ, ಜಪಾನ್, ಚೀನಾಗಳನ್ನು ದಾಟಿ ಭಾರತಕ್ಕೂ ಬಂದ. 1881ರಲ್ಲಿ ಆ ಸಂಸ್ಥೆಯ ಕಚೇರಿ ಮುಂಬೈಯಲ್ಲಿ ತೆರೆಯಿತು. 1886ರಲ್ಲಿ ಭಾರತ ಸರ್ಕಾರ ಹಜ್ ಯಾತ್ರಿಕರ ಪ್ರಯಾಣದ ವ್ಯವಸ್ಥೆಯನ್ನು ಅದಕ್ಕೆ ವಹಿಸಿತು.

ಆದರೆ ಲಕ್ಷಾಂತರ ಜನರ ದಾರಿಯನ್ನು ಸುಗಮಗೊಳಿಸಿದವನಿಗೆ ತನ್ನ ಮನೆಯೊಳಗಿನ ದಾರಿ ಸುಗಮವಾಗಲಿಲ್ಲ. ಜಾನ್ ಸಮರ್ಥ, ಶಿಸ್ತಿನ ವ್ಯಾಪಾರಿ. ಲೆಕ್ಕದಲ್ಲಿ ಕಟ್ಟುನಿಟ್ಟು. ತಂದೆಗೆ ಪ್ರವಾಸವೆಂದರೆ ಧರ್ಮಕಾರ್ಯದ ಮುಂದುವರಿಕೆ. ವ್ಯವಹಾರದಲ್ಲಿ ಉಪದೇಶ, ದಾನ ಬೆರೆಯುವುದನ್ನು ಮಗ ಒಪ್ಪಲಿಲ್ಲ. 1870ರ ದಶಕದ ಕೊನೆಗೆ ಇಬ್ಬರೂ ಬೇರ್ಪಟ್ಟರು. ತಂದೆ ಸಂಸ್ಥೆಯಿಂದ ನಿವೃತ್ತನಾದ. 1880ರಲ್ಲಿ ಮಗಳು ಆ್ಯನಿ ಸ್ನಾನದ ಮನೆಯ ನೀರು ಕಾಯಿಸುವ ಯಂತ್ರದ ವಿಷಾನಿಲಕ್ಕೆ ಬಲಿಯಾದಳು. 1884ರಲ್ಲಿ ಮೇರಿಯಾನ್ ತೀರಿಕೊಂಡಳು. ಜಗತ್ತನ್ನು ಎಲ್ಲರಿಗೂ ತೋರಿಸಿದ ಕಣ್ಣುಗಳು ಕೊನೆಯ ವರ್ಷಗಳಲ್ಲಿ ಬೆಳಕು ಕಳೆದುಕೊಂಡವು. 1891ರಲ್ಲಿ ಸಂಸ್ಥೆಯ ಸುವರ್ಣ ಮಹೋತ್ಸವ ಲಂಡನ್ನಿನಲ್ಲಿ ವೈಭವದಿಂದ ನಡೆದಾಗ ಆತ ಅಲ್ಲಿರಲಿಲ್ಲ. ಮರುವರ್ಷ ಜುಲೈ 18ರಂದು ಲೆಸ್ಟರ್‌ನಲ್ಲಿ ಕೊನೆಯುಸಿರೆಳೆದ.

ತಂದೆ ಮಗನಲ್ಲಿ ಯಾರು ಸರಿ? ಮಗನ ಲೆಕ್ಕಾಚಾರವಿಲ್ಲದಿದ್ದರೆ ಸಂಸ್ಥೆ ಅಷ್ಟು ಎತ್ತರಕ್ಕೆ ಬೆಳೆಯುತ್ತಿರಲಿಲ್ಲ. ತಂದೆಯ ಕಾಳಜಿಯಿಲ್ಲದಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ. ಈ ಎರಡರ ನಡುವಿನ ಸಮತೋಲವೇ ಪ್ರವಾಸ ಸಲಹೆಗಾರನ ವೃತ್ತಿಧರ್ಮ. 2019ರ ಸೆಪ್ಟೆಂಬರ್ 23ರಂದು, 178 ವರ್ಷಗಳ ಹಿರಿಮೆಯಿದ್ದ ಬ್ರಿಟನ್ನಿನ ಥಾಮಸ್ ಕುಕ್ ಕಂಪನಿ ಸಾಲದ ಹೊರೆಯಿಂದ ಕುಸಿದುಬಿತ್ತು. ಭಾರತದಲ್ಲಿ ಅದೇ ಹೆಸರಿನ ಸಂಸ್ಥೆ 2012ರಲ್ಲೇ ಬೇರೆ ಒಡೆತನಕ್ಕೆ ಸೇರಿದ್ದರಿಂದ ಉಳಿದುಕೊಂಡಿತು. ಆದರೆ ಅಂದು ಸುಮಾರು ಆರು ಲಕ್ಷ ಪ್ರಯಾಣಿಕರು ಪರಸ್ಥಳಗಳಲ್ಲಿದ್ದರು. ಅವರಲ್ಲಿ ಒಂದೂವರೆ ಲಕ್ಷ ಬ್ರಿಟಿಷರನ್ನು ಮನೆಗೆ ತಲುಪಿಸುವ ಹೊಣೆ ಸರ್ಕಾರದ ಮೇಲೆ ಬಿತ್ತು. ಪ್ರಯಾಣಿಕರನ್ನು ಅತಂತ್ರರಾಗಿಸಬಾರದೆಂದು ಬದುಕಿಡೀ ಹೆಣಗಿದವನ ಹೆಸರಿನಲ್ಲೇ ಅಷ್ಟೊಂದು ಜನ ಅತಂತ್ರರಾದದ್ದು ಚರಿತ್ರೆಯ ವಿಪರ್ಯಾಸ.

ಇಂದು ಟಿಕೆಟ್ಟನ್ನಾಗಲಿ ಕೋಣೆಯನ್ನಾಗಲಿ ಕಾದಿರಿಸಲು ಯಾರ ನೆರವೂ ಬೇಡ, ಅಂಗೈಯಲ್ಲಿನ ಮೊಬೈಲ್ ಸಾಕು. ಹಾಗಾದರೆ ಈ ವೃತ್ತಿಗೆ ಭವಿಷ್ಯವಿದೆಯೇ ಎಂದು ಕೇಳುವವರುಂಟು. ವಿಮಾನ ರದ್ದಾದ ನಡುರಾತ್ರಿ, ಪಾಸ್‌ಪೋರ್ಟ್ ಕಳೆದುಹೋದ ಪರನಾಡು, ವೃದ್ಧ ತಾಯಿ ಹಠಾತ್ತನೆ ಕಾಯಿಲೆ ಬಿದ್ದ ಯಾತ್ರಾಸ್ಥಳ ಇವುಗಳಿಗೆ ಯಂತ್ರದ ಬಳಿ ಉತ್ತರ ಕಡಿಮೆ. ಆಗ ಕರೆ ಮಾಡಿದರೆ ಓಗೊಡುವ, ತಪ್ಪು ಯಾರದೇ ಇರಲಿ ಹೊಣೆ ತನ್ನದೆನ್ನುವ ಮನುಷ್ಯನೊಬ್ಬ ಬೇಕು. ಆ ಮನುಷ್ಯನಾಗಲು ಸಿದ್ಧರಿರುವವರಿಗೆ ಈ ಕಸುಬಿನಲ್ಲಿ ಸ್ಥಾನ ಎಂದಿಗೂ ಇದ್ದೇ ಇರುತ್ತದೆ.